ಎರಡನೇ ಶಸ್ತ್ರಚಿಕಿತ್ಸೆಗೆ ಮೊದಲು ಬರೆದ ಒಂದು ಪುಟ: ಗಡಿನಾಡಿನ ಒಂದು ಪ್ರಕರಣ

ಇದು ಮೆದುಳಿನ ಗೆಡ್ಡೆಯಿರುವ ಒಬ್ಬ ಅಧ್ಯಾಪಿಕೆಯ, ಅವರ ಗಂಡನ ಪ್ರಕರಣ. ಈ ದಂಪತಿಯ ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ; ಊರು, ಶಾಲೆ, ಆಸ್ಪತ್ರೆಗಳ ಹೆಸರನ್ನು ಬಿಟ್ಟಿದ್ದೇನೆ. ಬರೆದುದನ್ನು ಇಬ್ಬರೂ ಓದಿ ಒಪ್ಪಿದ್ದಾರೆ. ಕೆಲವು ಸಾಲುಗಳು ಇರಲೇಬೇಕೆಂದು ಹಟ ಹಿಡಿದವರೂ ಅವರೇ.

ನಾನು ಕಾಸರಗೋಡು ಜಿಲ್ಲೆಯ ಒಂದು ಪಂಚಾಯತಿನ ಸಾಂತ್ವನ ಆರೈಕೆ (ಪ್ಯಾಲಿಯೇಟಿವ್ ಕೇರ್, ಗಂಭೀರ ಕಾಯಿಲೆಯವರ ನೋವು-ಸಂಕಟ ತಗ್ಗಿಸುವ ಆರೈಕೆ) ತಂಡದಲ್ಲಿ ಮನೆ ಭೇಟಿಗೆ ಹೋಗುವ ನರ್ಸ್. ಕೇರಳ ಸರಕಾರ 2008ರಲ್ಲಿ ಸಾಂತ್ವನ ಆರೈಕೆಯ ನೀತಿ ತಂದ ಮೇಲೆ ಈ ಸೇವೆ ನಮ್ಮ ಗಡಿ ಹಳ್ಳಿಗಳವರೆಗೂ ಬಂದಿದೆ. ಆದರೂ ನಮ್ಮ ವಾಹನ ಒಂದು ಮನೆಯ ಅಂಗಳಕ್ಕೆ ಇಳಿಯಿತೆಂದರೆ ನೆರೆಕರೆಯವರು "ಇನ್ನು ಮುಗಿಯಿತು" ಎಂದೇ ಲೆಕ್ಕ ಹಾಕುತ್ತಾರೆ. ಈ ಮನೆಯವರು ನಮ್ಮನ್ನು ಕರೆದದ್ದು ಚಿಕಿತ್ಸೆ ಕೈಬಿಟ್ಟ ಮೇಲಲ್ಲ, ಎರಡನೇ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗುವ ಮೊದಲು. ಈ ಪ್ರಕರಣದಲ್ಲಿ ಕಲಿಯುವಂಥದ್ದು ಇರುವುದು ಬಹುಪಾಲು ಆ ಕಾರಣದಿಂದ.

ಹಿನ್ನೆಲೆ

ರೋಗಿ ಅನುದಾನಿತ ಕನ್ನಡ ಮಾಧ್ಯಮ ಶಾಲೆಯ ಅಧ್ಯಾಪಿಕೆ. ಊರಿನವರಂತೆ ನಾನೂ ಅವರನ್ನು ಇಲ್ಲಿ ಟೀಚರ್ ಎಂದೇ ಕರೆಯುತ್ತೇನೆ. ಗಂಡ ಅಡಿಕೆ ಕೃಷಿಕರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿ ಕೆಲಸಕ್ಕೆ ಹೋದರೆ ಮಲಯಾಳ. ಕಾಲೇಜಿಗೆ ಹೋಗುವ ಮಗಳು, ಹೈಸ್ಕೂಲಿನ ಮಗ, ವಯಸ್ಸಾದ ಅತ್ತೆ ಇದ್ದಾರೆ.

2017ರಲ್ಲಿ, ಮಕ್ಕಳ ನೋಟ್‌ಪುಸ್ತಕ ತಿದ್ದುತ್ತಿದ್ದಾಗ ಟೀಚರ ಬಲಗೈ ತಾನಾಗಿ ಸೆಟೆದು ಅದುರಿ, ಅವರು ಪ್ರಜ್ಞೆ ತಪ್ಪಿ ಬಿದ್ದರು. ಎಂ.ಆರ್.ಐ.ಯಲ್ಲಿ ಮೆದುಳಿನ ಎಡ ಮುಂಭಾಗದಲ್ಲಿ ಗೆಡ್ಡೆ ಕಂಡಿತು. ಗಂಡನ ಅಣ್ಣ ಮುಂದೆ ನಿಂತು ಎಲ್ಲವನ್ನೂ ನಡೆಸಿದರು. ಆಸ್ಪತ್ರೆ, ಹಣ, ದಿನ ಎಲ್ಲವೂ ಅವರ ತೀರ್ಮಾನ. ಟೀಚರಿಗೆ "ತಲೆಯಲ್ಲಿ ಸ್ವಲ್ಪ ನೀರು ಕಟ್ಟಿದೆ, ತೆಗೆಯಬೇಕಂತೆ" ಎಂದಷ್ಟೇ ಹೇಳಲಾಯಿತು. ಒಳ್ಳೆಯ ಮನಸ್ಸಿನಿಂದಲೇ ಮರೆಮಾಚಿದರು. ನಮ್ಮ ಕಡೆ ಬಹಳಷ್ಟು ಮನೆಗಳಲ್ಲಿ ನಡೆಯುವುದು ಹೀಗೆಯೇ. ಹೊಲಿಗೆ ಬಿಚ್ಚುವ ದಿನ ಫೈಲು ಅವರ ಮಡಿಲಲ್ಲಿತ್ತು. ಓದುವುದೇ ಕಸುಬಾದ ಹೆಂಗಸು ಅದನ್ನು ಓದದೆ ಇರುತ್ತಾರೆಯೇ? ಆಲಿಗೊಡೆಂಡ್ರೊಗ್ಲಿಯೋಮಾ, ಎರಡನೇ ದರ್ಜೆ. ನಿಧಾನವಾಗಿ ಬೆಳೆಯುವ ಗೆಡ್ಡೆ. ಕೈಕಾಲಿನ ಚಲನೆಗೆ ಸಂಬಂಧಿಸಿದ ಭಾಗಕ್ಕೆ ತಾಗಿದ್ದುದರಿಂದ ಪೂರ್ತಿ ತೆಗೆದಿರಲಿಲ್ಲ.

"ನನ್ನ ತಲೆಯ ವಿಷಯ ನನ್ನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು" ಎಂದು ಅವರು ನನ್ನಲ್ಲಿ ಹೇಳಿದ್ದು ಆರು ವರ್ಷಗಳ ನಂತರ. ಆಗಲೂ ಆ ಮಾತಿನ ಬಿಸಿ ಆರಿರಲಿಲ್ಲ.

ನಡುವಿನ ವರ್ಷಗಳು

ಈ ಅವಧಿಯ ಎರಡು ಸಂಗತಿಗಳನ್ನು ಹೇಳಲೇಬೇಕು.

ಮೊದಲನೆಯದು ಮಾತ್ರೆಯ ವಿಷಯ. ಅಪಸ್ಮಾರ ಬಾರದಂತೆ ಲೆವೆಟಿರಾಸಿಟಮ್ ಕೊಟ್ಟಿದ್ದರು. ಕೆಲವೇ ವಾರಗಳಲ್ಲಿ ಟೀಚರ್ ಸಿಡುಕತೊಡಗಿದರು. ಅನ್ನ ಮೆತ್ತಗಾದರೆ ಸಿಟ್ಟು, ಬಾಗಿಲು ಸದ್ದಾದರೆ ಸಿಟ್ಟು, ಮಗನ ಮೇಲೆ ಕೈ ಎತ್ತಿದ್ದೂ ಉಂಟು. ಸುಳ್ಳು ಹೇಳಿದ್ದಕ್ಕೆ ತನ್ನ ಮೇಲಿನ ಕೋಪವೆಂದು ಗಂಡ ಸುಮ್ಮನಿದ್ದರು. ಅತ್ತೆಯ ಲೆಕ್ಕದಲ್ಲಿ ಅದು ಸೊಸೆಯ ಅಹಂಕಾರ. ಈ ಮಾತ್ರೆಯಿಂದ ಕೆಲವರಲ್ಲಿ ಸಿಡುಕು, ಖಿನ್ನತೆ ಬರುವುದುಂಟು ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಒಂದು ವರ್ಷದ ಬಳಿಕ ಹೊಸ ನರರೋಗ ತಜ್ಞರು "ಮನೆಯಲ್ಲಿ ಜಗಳ ಹೆಚ್ಚಾಗಿದೆಯೇ?" ಎಂದು ನೇರವಾಗಿ ಕೇಳಿ, ಮಾತ್ರೆಯನ್ನು ಹಂತ ಹಂತವಾಗಿ ಬದಲಿಸಿದರು. ಸಿಟ್ಟು ಇಳಿಯಿತು. ಇದ್ದಕ್ಕಿದ್ದಂತೆ ನಿಲ್ಲಿಸಿದ್ದರೆ ಅಪಸ್ಮಾರ ಮರುಕಳಿಸುವ ಅಪಾಯವಿತ್ತು. ಹಾಗಾಗಿ ಸಿಟ್ಟು ಕಂಡರೆ ಮಾತ್ರೆ ಬಿಡುವುದಲ್ಲ, ವೈದ್ಯರಿಗೆ ತಿಳಿಸುವುದು. ಒಂದು ಮದುವೆ ಒಂದು ಇಡೀ ವರ್ಷ ಮಾತ್ರೆಯೊಂದರ ಅಡ್ಡಪರಿಣಾಮವನ್ನು ಪರಸ್ಪರರ ಸ್ವಭಾವವೆಂದು ನಂಬಿತ್ತಲ್ಲ ಎಂದು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಎರಡನೆಯದು 2020ರ ಮಾರ್ಚ್. ಕಾಸರಗೋಡಿನ ಉತ್ತರ ಭಾಗದವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. ಕಾಸರಗೋಡು ಪೇಟೆಯಿಂದ ಸುಮಾರು 50 ಕಿಲೋಮೀಟರ್. ಕೋವಿಡ್ ಸಮಯದಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿಯಲ್ಲಿ ಗಡಿ ಮುಚ್ಚಿತು, ರೋಗಿಗಳ ಆಂಬುಲೆನ್ಸ್‌ಗಳೂ ಹಿಂದೆ ಹೋದವು, ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಟೀಚರ ಸ್ಕ್ಯಾನ್ ಆ ವಸಂತದಲ್ಲಿ ಆಗಬೇಕಿತ್ತು, ತಿಂಗಳುಗಟ್ಟಲೆ ತಡವಾಯಿತು. ಆಗ ಗೆಡ್ಡೆ ಬೆಳೆದಿರಲಿಲ್ಲ, ಅದು ಅವರ ಅದೃಷ್ಟ. ಆದರೆ ಫೈಲು, ಸಿಡಿ, ರಿಪೋರ್ಟು ಎಲ್ಲವೂ ಗಡಿಯಾಚೆ ಒಂದೇ ಕಡೆ ಇದ್ದರೆ ಏನಾಗುತ್ತದೆಂದು ಗಂಡನಿಗೆ ಅಂದು ಅರ್ಥವಾಯಿತು. ಅಂದಿನಿಂದ ಪ್ರತಿ ರಿಪೋರ್ಟಿನ ಪ್ರತಿಯನ್ನು ಮನೆಯಲ್ಲಿಟ್ಟರು. 2017ರ ಗೆಡ್ಡೆಯ ತುಣುಕನ್ನು ಮೇಣದಲ್ಲಿ ಕೂರಿಸಿಟ್ಟ ಬ್ಲಾಕನ್ನೂ ಪ್ರಯೋಗಾಲಯದಿಂದ ಕೇಳಿ ಪಡೆದರು. ಇದು ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ: ಆ ಬ್ಲಾಕ್ ಇದ್ದರೆ ವರ್ಷಗಳ ನಂತರವೂ ಹೊಸ ಪರೀಕ್ಷೆ ಮಾಡಿಸಬಹುದು. ಇವರ ವಿಷಯದಲ್ಲಿ ಗೆಡ್ಡೆಯ ಜೀನುಗಳಲ್ಲಿ ಐ.ಡಿ.ಎಚ್. ಬದಲಾವಣೆ ಮತ್ತು 1ಪಿ/19ಕ್ಯೂ ಲೋಪ (1 ಮತ್ತು 19ನೇ ವರ್ಣತಂತುಗಳ ಒಂದೊಂದು ಭಾಗ ಇಲ್ಲದಿರುವುದು) ಎರಡೂ ಇವೆ ಎಂದು ಖಚಿತವಾದದ್ದು ಅದರಿಂದಲೇ. ಈ ಲೋಪವಿರುವ ಗೆಡ್ಡೆಗಳು ವಿಕಿರಣಕ್ಕೂ ಕೀಮೋಥೆರಪಿಗೂ ಹೆಚ್ಚು ಚೆನ್ನಾಗಿ ಸ್ಪಂದಿಸುತ್ತವೆ. ಮುಂದಿನ ತೀರ್ಮಾನಗಳಲ್ಲಿ ಈ ಮಾಹಿತಿಯ ತೂಕ ದೊಡ್ಡದಿತ್ತು.

ಸಮಸ್ಯೆ

2023ರ ಆರಂಭದಲ್ಲಿ ಬದಲಾವಣೆಯನ್ನು ಮೊದಲು ಗಮನಿಸಿದವರು ಗಂಡ. ಟೀಚರಿಗೆ ಮಾತು ತಪ್ಪುತ್ತಿರಲಿಲ್ಲ, ಆದರೆ ಶುರುವಾಗಲು ತಡವಾಗುತ್ತಿತ್ತು. "ಕಾಫಿ ಬೇಕೇ?" ಎಂದರೆ ಬೇಕೆನ್ನುವ ಮುಖ, ಉತ್ತರ ಮಾತ್ರ ಸ್ವಲ್ಪ ಹೊತ್ತು ಕಳೆದು. ತಿದ್ದದ ನೋಟ್‌ಪುಸ್ತಕಗಳು ಮೇಜಿನ ಮೇಲೆ ಏರತೊಡಗಿದವು. ತಿದ್ದಿದ ಪುಸ್ತಕಗಳಲ್ಲಿಯೂ ಕೆಂಪು ಅಕ್ಷರ ಸಣ್ಣದಾಗುತ್ತಾ, ಸಾಲಿನ ಕೊನೆಗೆ ಬಂದಾಗ ಬರೀ ಗೀಚಾಗಿ ಉಳಿಯುತ್ತಿತ್ತು. ಗಂಡ ಇದನ್ನೆಲ್ಲ ಅಡುಗೆಮನೆಯ ಕ್ಯಾಲೆಂಡರಿನ ಚೌಕಗಳಲ್ಲಿ ಪೆನ್ಸಿಲಿನಿಂದ ಬರೆದಿಟ್ಟರು: "ಬಲಗೈ ಲೋಟ ಜಾರಿತು", "ಮಾತು ನಿಧಾನ, ಸಂಜೆ ಸರಿ", "ಸಣ್ಣ ಅದುರು, ಅರ್ಧ ನಿಮಿಷ".

ಸ್ಕ್ಯಾನಿನಲ್ಲಿ ಗೆಡ್ಡೆ ಬೆಳೆದಿತ್ತು. ಆದರೆ ಯಾವ ವೇಗದಲ್ಲಿ ಕಾರ್ಯ ಕುಸಿಯುತ್ತಿದೆ ಎಂದು ಸ್ಕ್ಯಾನ್ ಹೇಳುವುದಿಲ್ಲ. ಅದನ್ನು ಹೇಳಿದ್ದು ಆ ಕ್ಯಾಲೆಂಡರ್. ಶಸ್ತ್ರಚಿಕಿತ್ಸಕರು ಅದರ ಪುಟಗಳ ಫೋಟೋ ತೆಗೆಸಿ ಫೈಲಿಗೆ ಸೇರಿಸಿದರಂತೆ. ರೋಗಿಯ ದಿನನಿತ್ಯವನ್ನು ಬಲ್ಲವರ ತಿಳಿವಳಿಕೆ ಚಿಕಿತ್ಸೆಯ ಭಾಗವೇ. ಗಂಡ ಅಥವಾ ಹೆಂಡತಿಯನ್ನು ಬಿಲ್ಲು ಕಟ್ಟುವವರು, ಧೈರ್ಯ ಹೇಳುವವರು ಎಂದಷ್ಟೇ ಕಾಣುವ ಅಭ್ಯಾಸದಿಂದ ನಾವು ಈ ತಿಳಿವಳಿಕೆಯನ್ನು ಬಾಗಿಲ ಹೊರಗೇ ನಿಲ್ಲಿಸುತ್ತಿದ್ದೇವೆ ಎಂದು ನನ್ನ ಬಲವಾದ ನಂಬಿಕೆ.

ಕಾದು ನೋಡುವುದು, ನೇರವಾಗಿ ವಿಕಿರಣಕ್ಕೆ ಹೋಗುವುದು, ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಮಾಡಿ ಆಮೇಲೆ ಉಳಿದ ಚಿಕಿತ್ಸೆ: ಇವರ ಮುಂದಿದ್ದ ದಾರಿಗಳು ಇವು. ಹಳೆಯ ಗಾಯದ ಮೇಲೆ ಮತ್ತೆ ತೆರೆಯುವಾಗ ಅಂಟಿಕೊಂಡ ಪದರಗಳಿಂದ ಕೆಲಸ ಕಷ್ಟವಾಗುತ್ತದೆ, ಗಾಯ ಒಣಗುವುದೂ ತಡವಾಗಬಹುದು. ಆದರೂ ಹೊಸ ತುಣುಕು ಸಿಕ್ಕರೆ ಗೆಡ್ಡೆಯ ದರ್ಜೆ ಏರಿದೆಯೇ ಎಂದು ತಿಳಿಯುತ್ತದೆ, ಒತ್ತಡವೂ ಇಳಿಯುತ್ತದೆ. ಎರಡನೇ ಅಭಿಪ್ರಾಯಕ್ಕೆ ತಿರುವನಂತಪುರಕ್ಕೆ ಹೋಗಿ ಬಂದರು. ಅಲ್ಲಿಯೂ ಶಸ್ತ್ರಚಿಕಿತ್ಸೆಯನ್ನೇ ಹೇಳಿದರು.

ಏನು ಮಾಡಿದರು

ಗಂಡನ ಅಣ್ಣ ಹಿಂದಿನಂತೆಯೇ ಮುಂದೆ ಬಂದರು. ಈ ಬಾರಿ ಟೀಚರ್ ಒಪ್ಪಲಿಲ್ಲ. "ಭಾವನವರೇ, ನೀವು ಮಾಡಿದ ಉಪಕಾರ ಮರೆಯುವಂಥದ್ದಲ್ಲ. ಆದರೆ ಡಾಕ್ಟರು ಹೇಳುವಾಗ ನಾನೂ ಕುಳಿತಿರಬೇಕು" ಎಂದರು. ಹೆಂಡತಿಯ ಪರ ಅಣ್ಣನ ಎದುರು ನಿಲ್ಲುವುದು ಆ ಮನೆಯಲ್ಲಿ ಸುಲಭದ ಮಾತಾಗಿರಲಿಲ್ಲ. ಗಂಡ ನಿಂತರು. ಇಡೀ ಪ್ರಕರಣದ ಮೊದಲ ತಿರುವು ಅದು.

ನಮ್ಮ ತಂಡವನ್ನು ಕರೆದದ್ದು ಆ ವಾರ. ಪ್ರಶ್ನೆಗಳನ್ನು ಮೊದಲೇ ಬರೆದುಕೊಂಡು ಹೋಗಲು ಹೇಳಿದೆವು, ಬರೆಯಲು ಜೊತೆಗೆ ಕುಳಿತೆವು. ಅಪಾಯವೆಷ್ಟು, ಖರ್ಚೆಷ್ಟು, ಎಷ್ಟು ದಿನ ಎಂಬ ಎಂದಿನ ಪ್ರಶ್ನೆಗಳು ಗಂಡನವು. ಟೀಚರ್ ಬಹಳ ಹೊತ್ತು ಯೋಚಿಸಿ ಒಂದೇ ಪ್ರಶ್ನೆ ಸೇರಿಸಿದರು: "ಐಸಿಯುವಿನಲ್ಲಿ ನನ್ನ ಗಂಡ ನನ್ನನ್ನು ನೋಡುವಾಗ ಏನು ಕಂಡರೆ ಹೆದರಬಾರದು?"

ಅಷ್ಟು ಒಳ್ಳೆಯ ಪ್ರಶ್ನೆಯನ್ನು ನಾನು ಯಾವ ತರಬೇತಿಯಲ್ಲೂ ಕೇಳಿರಲಿಲ್ಲ. ಅದಕ್ಕೆ ಶಸ್ತ್ರಚಿಕಿತ್ಸಕರು ಕಾಗದದ ಮೇಲೆ ಚಿತ್ರ ಬರೆದು ಉತ್ತರಿಸಿದರಂತೆ. ಗೆಡ್ಡೆ ಈಗ ಸಪ್ಲಿಮೆಂಟರಿ ಮೋಟಾರ್ ಏರಿಯಾ ಎಂಬ ಭಾಗವನ್ನು ಸೇರಿದೆ. ಚಲನೆಯನ್ನೂ ಮಾತನ್ನೂ ಆರಂಭಿಸುವುದರಲ್ಲಿ ಅದರ ಪಾಲು ದೊಡ್ಡದು. ಅಲ್ಲಿ ಶಸ್ತ್ರಚಿಕಿತ್ಸೆಯಾದರೆ ಮೊದಲ ದಿನಗಳಲ್ಲಿ ಮಾತು ಪೂರ್ತಿ ನಿಲ್ಲಬಹುದು, ಬಲಗೈ ಬಲಗಾಲು ಅಲ್ಲಾಡದಿರಬಹುದು. ನೋಡಲು ಪಾರ್ಶ್ವವಾಯುವಿನಂತೆ ಇರುತ್ತದೆ. ಹೆಚ್ಚಿನವರಲ್ಲಿ ವಾರಗಳಲ್ಲಿ, ಕೆಲವರಲ್ಲಿ ತಿಂಗಳುಗಳಲ್ಲಿ ಮರಳುತ್ತದೆ. ಕೈಯ ಸೂಕ್ಷ್ಮ ಕೆಲಸ ಸ್ವಲ್ಪ ಹಿಂದುಳಿಯಬಹುದು.

ಆ ರಾತ್ರಿ ಟೀಚರ್ ತಮ್ಮ ಕುಗ್ಗಿದ ಅಕ್ಷರದಲ್ಲಿ ಒಂದು ಪುಟ ಬರೆದರು. ಅದರಲ್ಲಿದ್ದದ್ದು ಇಷ್ಟು: ನನಗೆ ತಿಳಿಸದೆ ಏನನ್ನೂ ತೀರ್ಮಾನಿಸಬಾರದು. ನನಗೆ ಮಾತು ಬಾರದ ದಿನಗಳಲ್ಲಿ ಗಂಡನ ಮಾತೇ ನನ್ನ ಮಾತು, ಬೇರೆ ಯಾರದ್ದೂ ಅಲ್ಲ. ಗೆಡ್ಡೆ ಸ್ವಲ್ಪ ಉಳಿದರೂ ಅಡ್ಡಿಯಿಲ್ಲ, ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಉಳಿಯಬೇಕು. ಮಗಳು ಪರೀಕ್ಷೆ ಬಿಟ್ಟು ಬರಬಾರದು. ಕೆಳಗೆ ಇಬ್ಬರ ಸಹಿ. ಕಾನೂನಿನ ಬಲ ಆ ಕಾಗದಕ್ಕೆ ಎಷ್ಟಿದೆಯೋ, ಮನೆಯೊಳಗೆ ಅದರ ಬಲ ದೊಡ್ಡದಾಯಿತು.

ಆಸ್ಪತ್ರೆಯ ಆಯ್ಕೆಯೂ ಈ ಪುಟದಿಂದಲೇ ಆಯಿತು. ಕಚೇರಿಯ ಮಲಯಾಳ ಅವರಿಗೆ ಬರುತ್ತದೆ. ನೋವಿನಲ್ಲಿ, ಹೆದರಿಕೆಯಲ್ಲಿ ಬಾಯಿಗೆ ಬರುವುದು ತುಳು, ಕನ್ನಡ. ಮಾತು ಕಳೆದು ಮರಳಬೇಕಾದ ರೋಗಿಯ ಹತ್ತಿರ ಅವಳ ಭಾಷೆಯ ನರ್ಸ್, ಅವಳ ಭಾಷೆಯಲ್ಲಿ ಪರೀಕ್ಷಿಸುವ ವಾಕ್ ಚಿಕಿತ್ಸಕಿ ಇರಬೇಕು. ಹಾಗಾಗಿ ಮಂಗಳೂರೇ ಎಂದಾಯಿತು. ಶಸ್ತ್ರಚಿಕಿತ್ಸೆಗೆ ಮೊದಲೇ ಎರಡೂ ಭಾಷೆಗಳಲ್ಲಿ ಪರೀಕ್ಷೆ ಮಾಡಿ ಬರೆದಿಟ್ಟರು. ಹಣದ ವಿಷಯದಲ್ಲಿ, 2022ರ ಜುಲೈ 1ರಿಂದ ಕೇರಳದ ಸರಕಾರಿ ನೌಕರರಿಗೂ ಅನುದಾನಿತ ಶಾಲೆಯ ಅಧ್ಯಾಪಕರಿಗೂ ಬಂದ ಮೆಡಿಸೆಪ್ ವಿಮೆಯಲ್ಲಿ ವರ್ಷಕ್ಕೆ 3 ಲಕ್ಷದವರೆಗೆ ಸಿಗುತ್ತಿತ್ತು. ಆಸ್ಪತ್ರೆಯೂ ಆ ವಿಭಾಗವೂ ಪಟ್ಟಿಯಲ್ಲಿವೆಯೇ ಎಂದು ದಾಖಲಾಗುವ ಮೊದಲೇ ವಿಚಾರಿಸಿದರು. ಉಳಿದದ್ದಕ್ಕೆ ಸಹಕಾರಿ ಬ್ಯಾಂಕಿನ ಚಿನ್ನದ ಸಾಲ.

ಇನ್ನೊಂದು ತೊಡಕನ್ನು ಯಾರೂ ಮೊದಲು ಯೋಚಿಸುವುದಿಲ್ಲ. ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸು ಬೈಸ್ಟ್ಯಾಂಡರ್ (ರೋಗಿಯ ಜೊತೆಗಿರುವವರು) ಆಗಿ ನಿಲ್ಲುವಂತಿಲ್ಲ. ಹೆಂಡತಿಯನ್ನು ಎಲ್ಲರಿಗಿಂತ ಬಲ್ಲವರು ರಾತ್ರಿ ಎಂಟರ ನಂತರ ಹೊರಗೆ. ನಾದಿನಿ ಬರಲು ಒಪ್ಪಿದರು. ಅವರಿಗೆ ಕೊಡಲು ಗಂಡ ಮತ್ತೊಂದು ಚೀಟಿ ಬರೆದರು. ಎಡಕ್ಕೆ ಮಗ್ಗುಲಾದರೆ ನಿದ್ರೆ, ಹುಬ್ಬು ಗಂಟಿಕ್ಕಿದರೆ ತಲೆನೋವು, ಕನ್ನಡಕ ಎಲ್ಲಿದೆ, ಬಲಗೈ ಹೆಬ್ಬೆರಳು ಅದುರಿದರೆ ಕೂಡಲೇ ಸಿಸ್ಟರನ್ನು ಕರೆಯಬೇಕು.

ದಿನ ಸಿಕ್ಕಿದ್ದು ಜೂನ್ ಆರಂಭದಲ್ಲಿ. ಅಡಿಕೆ ಕೃಷಿಕರಿಗೆ ಇದರ ಅರ್ಥ ಗೊತ್ತು. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸದಿದ್ದರೆ ವರ್ಷದ ಫಸಲು ಉದುರುತ್ತದೆ. ಮರ ಏರುವವರು ಸಿಗುವುದೇ ಕಷ್ಟ. ಹದಿನೈದು ದಿನ ಮುಂದೂಡೋಣವೇ ಎಂಬ ಮಾತು ಬಂತು. ಅಪಸ್ಮಾರ ಹೆಚ್ಚುತ್ತಿದ್ದುದರಿಂದ ಗಂಡ ಅದಕ್ಕೆ ಒಪ್ಪಲಿಲ್ಲ. ದ್ರಾವಣಕ್ಕೆ ಬೇಕಾದ ಮೈಲುತುತ್ತು, ಸುಣ್ಣ ತಂದಿಟ್ಟು ನೆರೆಮನೆಯವರಿಗೆ ಒಪ್ಪಿಸಿ ಹೊರಟರು. ಒಂದು ಭಾಗಕ್ಕೆ ಸಿಂಪಡಣೆ ತಡವಾಗಿ ಅಲ್ಲಿನ ಕಾಯಿ ಉದುರಿದ್ದೂ ಹೌದು.

ಏನಾಯಿತು

ಶಸ್ತ್ರಚಿಕಿತ್ಸೆಯ ಮರುದಿನ ಟೀಚರ್ ಕಣ್ಣು ತೆರೆದರು, ಮಾತಾಡಲಿಲ್ಲ. ಬಲಗೈ ಹಾಸಿಗೆಯ ಮೇಲೆ ಇಟ್ಟಲ್ಲೇ ಇತ್ತು. ನೋಡಲು ಬಂದ ಬಂಧುಗಳು ಹೊರಗೆ ಅತ್ತರು. "ಹಾಳು ಮಾಡಿದರು, ಬೇರೆ ಕಡೆಗೆ ಸಾಗಿಸೋಣ" ಎಂದು ಅಣ್ಣ ಆಂಬುಲೆನ್ಸಿಗೆ ಫೋನ್ ಮಾಡಲು ಹೊರಟರು. ಗಂಡ ಚೀಲದಿಂದ ವೈದ್ಯರ ಚಿತ್ರವನ್ನೂ ಹೆಂಡತಿಯ ಪುಟವನ್ನೂ ತೆಗೆದು ತೋರಿಸಿದರು. "ಅಣ್ಣಾ, ಇದು ಹೀಗೇ ಆಗುತ್ತದೆ ಎಂದು ಹೇಳಿದ್ದಾರೆ. ಅವಳಿಗೂ ಗೊತ್ತು." ಅಂದು ಸ್ಕ್ಯಾನ್ ಮಾಡಿ ರಕ್ತಸ್ರಾವವಿಲ್ಲ ಎಂದು ವೈದ್ಯರು ಖಚಿತಪಡಿಸಿದ ಮೇಲೆ ಅಣ್ಣನೂ ಕುಳಿತರು. ಆ ಗಂಟೆಯಲ್ಲಿ ಸಾಗಾಟ ನಡೆದಿದ್ದರೆ ಏನಾಗುತ್ತಿತ್ತೋ ಎಂದು ಯೋಚಿಸಲೂ ಭಯವಾಗುತ್ತದೆ.

ನಂತರದ ದಿನಗಳಲ್ಲಿ ವಾಕ್ ಚಿಕಿತ್ಸಕಿ ಗಂಡನಿಗೆ ಒಂದು ದಾರಿ ತೋರಿಸಿದರು. ತಾನಾಗಿ ಮಾತು ಆರಂಭಿಸಲು ಆಗದವರಿಗೂ ಬಾಯಿಪಾಠದ ಸರಣಿಗಳು ಹೊರಬರುವುದುಂಟು. ವಾರ, ತಿಂಗಳು, ಎಣಿಕೆ, ಪದ್ಯ. ಗಂಡ ಭೇಟಿಯ ಹೊತ್ತಿನಲ್ಲಿ ಮಂಚದ ಪಕ್ಕ ಕುಳಿತು ಮಗ್ಗಿ ಹೇಳತೊಡಗಿದರು. "ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು, ಎರಡ್ಮೂರ್ಲ..." ಎಂದು ನಿಲ್ಲಿಸಿ ಅವರ ತುಟಿ ನೋಡುವುದು. ಮೊದಲು ತುಟಿ ಮಾತ್ರ ಅಲುಗಿತು. ಎರಡನೇ ವಾರ ಒಂದು ಮಧ್ಯಾಹ್ನ "ಆರು" ಎಂಬ ಧ್ವನಿ ಬಂತು. ಪಕ್ಕದ ಮಂಚದ ಅಜ್ಜಿ ಕೂಡ ಅಂದು ಜೊತೆಗೂಡಿ ಮಗ್ಗಿ ಹೇಳಿದರಂತೆ. ಮನೆಗೆ ಬರುವಾಗ ಒಂದೆರಡು ಪದಗಳ ಉತ್ತರ ಬರುತ್ತಿತ್ತು, ಹಿಡಿದರೆ ನಡೆಯುತ್ತಿದ್ದರು.

ಮನೆಗೆ ಬಂದ ಮೇಲೆ ನಮ್ಮ ಕೆಲಸ ಹೆಚ್ಚಿತು. ಊತ ಇಳಿಸಲು ಕೊಟ್ಟ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಮಾತ್ರೆಯಿಂದ ರಕ್ತದ ಸಕ್ಕರೆ ಏರಿತು, ನಿದ್ರೆ ಹೋಯಿತು, ವಿಪರೀತ ಹಸಿವು. "ಆ ಮಾತ್ರೆಯೇ ಬೇಡ" ಎಂದು ಬಂಧುವೊಬ್ಬರು ಸಲಹೆ ಕೊಟ್ಟಾಗ ಗಂಡ ನಮಗೆ ಫೋನ್ ಮಾಡಿದ್ದು ಒಳ್ಳೆಯದಾಯಿತು. ಸ್ಟೆರಾಯ್ಡನ್ನು ವೈದ್ಯರು ಬರೆದ ಕ್ರಮದಲ್ಲೇ ಇಳಿಸಬೇಕು. ಹಠಾತ್ತನೆ ನಿಲ್ಲಿಸಿದರೆ ಮೆದುಳಿನ ಊತ ಮರಳಬಹುದು, ರಕ್ತದೊತ್ತಡ ಕುಸಿಯಬಹುದು.

ಗೆಡ್ಡೆ ಮೂರನೇ ದರ್ಜೆಗೆ, ಅಂದರೆ ಹೆಚ್ಚು ವೇಗವಾಗಿ ಬೆಳೆಯುವ ಹಂತಕ್ಕೆ ಏರಿತ್ತು. ಹಾಗಾಗಿ 33 ಸಲ ವಿಕಿರಣ, ವಾರಕ್ಕೆ ಐದು ದಿನ. ಮಂಗಳೂರಿನಲ್ಲಿ ಕೋಣೆ ಹಿಡಿದರು. ಬಳಿಕ ಟೆಮೊಜೊಲೊಮೈಡ್ ಎಂಬ ಕೀಮೋಥೆರಪಿ ಮಾತ್ರೆ, 28 ದಿನಗಳ ಸುತ್ತಿನಲ್ಲಿ ಐದು ದಿನ, ಪ್ರತಿ ಸುತ್ತಿಗೂ ಮೊದಲು ರಕ್ತಪರೀಕ್ಷೆ.

ವಿಕಿರಣದ ನಡುವೆ ಒಂದು ಭಾನುವಾರ ಅವರ ಮನೆಗೆ ಹೋಗಿದ್ದೆ. ಟೀಚರ ರಕ್ತದೊತ್ತಡ ನೋಡಿದ ಮೇಲೆ ಪಟ್ಟಿಯನ್ನು ಗಂಡನ ತೋಳಿಗೂ ಸುತ್ತಿದೆ. 170ರ ಮೇಲಿತ್ತು. "ಸಿಸ್ಟರ್, ನನ್ನ ಮಾತ್ರೆ ಮುಗಿದು ಎಷ್ಟು ದಿನವಾಯಿತೋ ನೆನಪಿಲ್ಲ" ಎಂದರು. ಆ ದಿನದಿಂದ ನಮ್ಮ ದಾಖಲೆಯಲ್ಲಿ ಆ ಮನೆಗೆ ಎರಡು ಹೆಸರು. ಶನಿವಾರ ಟೀಚರ ತಮ್ಮ ಬಂದು ನಿಲ್ಲುವುದು, ಗಂಡ ತೋಟಕ್ಕೆ ಹೋಗುವುದು, ಅಲ್ಲಿಂದ ಯಾರೂ ಅವರಿಗೆ ಫೋನ್ ಮಾಡದಿರುವುದು ಎಂಬ ಏರ್ಪಾಡು ಆಯಿತು. ಆರೈಕೆ ಮಾಡುವವರಿಗೆ "ನಿಮ್ಮ ಆರೋಗ್ಯ ನೋಡಿಕೊಳ್ಳಿ" ಎಂದರೆ ಸಾಲದು. ಅವರ ಬದಲಿಗೆ ಯಾರು, ಯಾವ ದಿನ ಎಂದು ಹೆಸರು ಬರೆಯಬೇಕು.

ಕೊನೆಯ ತಿರುವು ಟೀಚರಿಂದಲೇ ಬಂತು. ಮಾತು ಮರಳುತ್ತಿತ್ತು, ಆದರೆ ಆರಂಭ ಇನ್ನೂ ನಿಧಾನ. ತಿಂಗಳುಗಳ ಅಭ್ಯಾಸದಿಂದ ಗಂಡ ಅವರ ಪ್ರತಿ ವಾಕ್ಯವನ್ನೂ ತಾವೇ ಮುಗಿಸುತ್ತಿದ್ದರು. ಬಂದವರು ಟೀಚರನ್ನು ಕೇಳಿದರೆ ಉತ್ತರ ಗಂಡನದು. ಒಂದು ದಿನ ನನ್ನ ಎದುರಿಗೇ ಟೀಚರ್ ಎಡಗೈ ಎತ್ತಿ ಗಂಡನನ್ನು ತಡೆದು, ಬಹಳ ಹೊತ್ತು ತೆಗೆದುಕೊಂಡು, "ನಾನು... ಹೇಳುತ್ತೇನೆ" ಎಂದರು. ಗಂಡನ ಮುಖ ಬಾಡಿತು. ಮಾತಿಲ್ಲದ ದಿನಗಳಲ್ಲಿ ಆಕೆಯ ಮಾತಾಗಿದ್ದವರಿಗೆ ಆ ಹೊಣೆಯನ್ನು ಮರಳಿ ಕೊಡುವುದು ಹೊತ್ತುಕೊಂಡದ್ದಕ್ಕಿಂತ ಕಷ್ಟ. ವಾಕ್ ಚಿಕಿತ್ಸಕಿ ಒಂದು ನಿಯಮ ಕೊಟ್ಟರು: ಪ್ರಶ್ನೆಯ ನಂತರ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ, ಆಮೇಲೂ ಬಾರದಿದ್ದರೆ "ಸಹಾಯ ಬೇಕೇ?" ಎಂದು ಕೇಳಿ. ಅತ್ತೆಯವರೂ ಕಲಿತರು. ಸೊಸೆಗೆ ಅಹಂಕಾರ ಎಂದಿದ್ದ ಅದೇ ಅತ್ತೆ ಬೆರಳು ಮಡಚುತ್ತಾ ಹತ್ತು ಎಣಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಈಗಿನ ಸ್ಥಿತಿ

ಟೀಚರ್ ಶಾಲೆಗೆ ಮರಳಿದ್ದಾರೆ. ಮುಖ್ಯೋಪಾಧ್ಯಾಯರು ಗದ್ದಲದ ತರಗತಿಗಳನ್ನು ಬಿಡಿಸಿ ಗ್ರಂಥಾಲಯವನ್ನೂ ಓದಿನಲ್ಲಿ ಹಿಂದುಳಿದ ಮಕ್ಕಳ ಗುಂಪನ್ನೂ ಕೊಟ್ಟಿದ್ದಾರೆ. ಓದಲು ತಡವರಿಸುವ ಮಗುವಿನ ಎದುರು ಅವರಷ್ಟು ತಾಳ್ಮೆಯಿಂದ ಕಾಯುವವರು ಇಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಬಲಗೈ ಅಕ್ಷರ ಮೊದಲಿನಂತಾಗಿಲ್ಲ. ನಾಲ್ಕು ಜನ ಒಟ್ಟಿಗೆ ಮಾತಾಡುವಲ್ಲಿ ಅವರಿಗೆ ಮಾತು ಸಿಗುವುದಿಲ್ಲ; ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಸ್ಕ್ಯಾನ್ ಹತ್ತಿರ ಬಂದ ವಾರ ಇಬ್ಬರಿಗೂ ನಿದ್ರೆಯಿಲ್ಲ. ಆ ವಾರ ನಾವು ತಪ್ಪದೆ ಹೋಗುತ್ತೇವೆ.

ಇತ್ತೀಚಿನ ಸ್ಕ್ಯಾನ್ ಸ್ಥಿರವಾಗಿದೆ. ಆದರೆ ಈ ಗೆಡ್ಡೆ ಮತ್ತೆ ಬೆಳೆಯಬಹುದು ಎಂದು ಇಬ್ಬರಿಗೂ ಗೊತ್ತು, ಈ ಬಾರಿ ಒಟ್ಟಿಗೆ ಗೊತ್ತು. ಹಳೆಯ ಪುಟಕ್ಕೆ ಟೀಚರ್ ಇನ್ನೊಂದು ಸಾಲು ಸೇರಿಸಿದ್ದಾರೆ: ಮೂರನೇ ಶಸ್ತ್ರಚಿಕಿತ್ಸೆಯಿಂದ ಓದು ಹೋಗುವುದಾದರೆ ಅದು ಬೇಡ. ಅದರ ಕೆಳಗೆ ಗಂಡ ಇನ್ನೂ ಸಹಿ ಮಾಡಿಲ್ಲ. ಅವರಿಗೆ ಹೆಂಡತಿ ಇರಬೇಕು, ಓದಿದರೂ ಓದದಿದ್ದರೂ. ಇದನ್ನು ಅವರು ಆಕೆಯ ಮುಖಕ್ಕೇ ಹೇಳಿದ್ದಾರೆ, ಆಕೆ ಕೇಳಿಸಿಕೊಂಡಿದ್ದಾರೆ. ಮುಂದಿನ ಭೇಟಿಯಲ್ಲಿ ಈ ಸಾಲನ್ನೇ ಮಾತಾಡಲು ನಮ್ಮ ವೈದ್ಯರನ್ನೂ ಕರೆತರಬೇಕೆಂದು ಇಬ್ಬರೂ ಕೇಳಿದ್ದಾರೆ.